ಕಿರುಚಿತ್ರದ ಡೈರಿ: ‘ಬಿಸಿ ಉಂಟು’ ಅಂತೂ ಕೇಳಿಸಿತು

ಸೌಂಡ್ ಸರಿಯಾಯ್ತು ಮಾರಾಯ್ರೆ. ಇಡೀ ಚಿತ್ರದ್ದಲ್ಲ, ಒಂದೇ ಸಾಲಿನದ್ದು. ಆದರೆ ಆ ಸಾಲಿಗೋಸ್ಕರವೇ ಈ ಚಿತ್ರಕ್ಕೆ ಕೈ ಹಾಕಿದ್ದು.

ಕಥೆ ಗೊತ್ತಿಲ್ಲದವರಿಗೆ: ಮಲ್ಪೆ ಕಡೆಯ ಮನೆ, ಕಡಲಿಗೆ ಹೋದ ಮಗ ವಾಪಸ್ ಬರಲಿಲ್ಲ. ತುಳುವರ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್ ಹೊತ್ತು) ತೀರಿಹೋದವರಿಗೆ ಬಡಿಸುವ ಕ್ರಮ ಉಂಟಲ್ಲ, ಆ ರಾತ್ರಿ ತಾಯಿ ಮೊದಲ ಸಲ ಮಗನ ಹೆಸರಿನ ಎಲೆಗೆ ಬಡಿಸುತ್ತಾಳೆ. ಬಡಿಸಿ, ಬಾಗಿಲು ಎಳೆದುಕೊಂಡು ಜಗಲಿಗೆ ಬರಬೇಕು. ಏಳುವ ಮುಂಚೆ ಎಲೆಯ ಕಡೆ ಬಗ್ಗಿ, “ಬಿಸಿ ಉಂಟು, ಮೆಲ್ಲ ಉಣ್ಣು ಮಗ” ಅನ್ನುತ್ತಾಳೆ. ಅಳು ಗಿಳು ಎಂತದೂ ಇಲ್ಲ. ಜಗಲಿಯಲ್ಲಿ ಕೂತ ಗಂಡನಿಗೆ ಅದು ಕೇಳಬಾರದು, ನೋಡುವವರಿಗೆ ಕೇಳಬೇಕು.

ನಮಗೆ ಕೇಳಿದ್ದು ಮಳೆ ಮಾತ್ರ.

ಕ್ಯಾಮೆರಾ ಕಡೆ ಹೇಳುವಂಥದ್ದೇನಿಲ್ಲ. ಎಲ್‌ಇಡಿ ಬಲ್ಬಿನ ಮಿಣುಕು ಶಟರ್ ವೇಗವನ್ನು ಸೆಕೆಂಡಿನ 1/50ಕ್ಕೆ ತಂದ ಕೂಡಲೇ ನಿಂತಿತು. ನಿಜವಾದ ತಲೆನೋವು ಕ್ಲೋಸಪ್ಪಿಗೆ ಬೇಕಾದ ಬಂಗುಡೆ ಮೀನಿನದ್ದು! ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲ್‌ಬೋಟಿಗೆ ರಜೆ (ಮಳೆಗಾಲದ ಮೀನುಗಾರಿಕೆ ನಿಷೇಧ), ನಾಡದೋಣಿಯವರು ತಂದದ್ದಕ್ಕೆ ಬಂಗಾರದ ರೇಟು. ಐಸಿನ ಮೀನನ್ನು ‘ತಾಜಾ’ ಅಂತ ಕೊಟ್ಟ ಪುಣ್ಯಾತ್ಮನಿಗೆ ಏನು ಹೇಳುವುದೋ. ಕ್ಲೋಸಪ್‌ನಲ್ಲಿ ಮೀನಿನ ಕಣ್ಣು ನೋಡಿದರೆ ಕರಾವಳಿಯವರಿಗೆ ಗೊತ್ತಾಗದೆ ಇರುತ್ತದಾ?

ಮಳೆಗೆ ಬರುತ್ತೇನೆ. ಹಂಚಿನ ಮಾಡು, ಕೆಳಗೆ ಮುಚ್ಚಿಗೆ ಇಲ್ಲ. ರೆಕಾರ್ಡರ್ ಕೊಳ್ಳುವಾಗ ಮಂಗಳೂರಿನ ಅಂಗಡಿಯವನು “32 ಬಿಟ್ ಫ್ಲೋಟ್ ಸರ್, ನಾಯ್ಸಿನ ಚಿಂತೆಯೇ ಇಲ್ಲ” ಅಂದಿದ್ದ. ಸ್ವರ ಜೋರಾದಾಗ ಒಡೆಯುವುದನ್ನು ಅದು ತಪ್ಪಿಸುತ್ತದೆ, ನಿಜ. ಹಂಚಿನ ಮೇಲೆ ಬೀಳುವ ಮಳೆಯನ್ನು ತಡೆಯಲಿಕ್ಕೆ ಅದೇನು ಕೊಡೆಯಾ? ಅವನೇ ಕೊಟ್ಟ ಕಾಲರ್ ಮೈಕು ಕಾಟನ್ ಸೀರೆಯ ಒಳಗೆ ಸರಸರ ಅಂದದ್ದು ಬೇರೆ.

ನಾಯ್ಸ್ ರಿಡಕ್ಷನ್ ಹಾಕಿದರೆ ಮಳೆಯ ಜೊತೆಗೆ ‘ಬಿಸಿ’ಯ ‘ಸಿ’ಯೂ ಹೋಯಿತು. ಹೋಗಲೇಬೇಕು, ‘ಸ’ಕಾರದ ಸೊಯ್ ಎನ್ನುವ ಸದ್ದು ಇರುವ ಫ್ರೀಕ್ವೆನ್ಸಿಗಳಲ್ಲೇ ಮಳೆಯೂ ಇರುತ್ತದೆ. “ಬಿಇ ಉಂಟು” ಅಂತ ತಾಯಿ ಹೇಳಿದರೆ ಥಿಯೇಟರಿನಲ್ಲಿ ನಗುತ್ತಾರೆ. ಮೇಲಿಂದ, ಶಾಟ್ ಬದಲಾದಾಗಲೆಲ್ಲ ಮಳೆಯೂ ಬದಲಾಗುತ್ತದೆ. ಎಲೆ ಅದೇ, ಅನ್ನ ಅದೇ, ಮಳೆ ಮಾತ್ರ ಹನಿಯಿಂದ ಸೀದಾ ಧೋ.

ಹಾಗಾಗಿ ಡಬ್ಬಿಂಗ್. ಸೀರೆ ಕಪಾಟಿನ ಬಾಗಿಲು ತೆರೆದಿಟ್ಟು, ಸುತ್ತ ಹಾಸಿಗೆ ನಿಲ್ಲಿಸಿ ಒಂದು ಬೂತ್ ಕಟ್ಟಿದೆವು. ತಾಯಿಯ ಪಾತ್ರ ನನ್ನ ದೊಡ್ಡಮ್ಮನದ್ದು, ತುಳು ನಾಟಕದಲ್ಲಿ ಪಳಗಿದವರು. ತುಟಿಗೆ ಮಾತು ಸರಿಯಾಗಿ ಕೂತಿತು, ಪ್ರತಿ ಅಕ್ಷರ ಸ್ವಚ್ಛ. ಕೇಳಿದರೆ ಆಕಾಶವಾಣಿಯ ಪ್ರದೇಶ ಸಮಾಚಾರ! ಇಕ್ಯೂ (ಸ್ವರದ ದಪ್ಪ-ತೆಳು ಹೊಂದಿಸುವುದು) ತಿರುಗಿಸಿದೆ, ವಾಲ್ಯೂಮ್ ಇಳಿಸಿದೆ, ಸತ್ತ ಮಗನಿಗೆ ಮಾತ್ರ ಅದು ತಲುಪುವುದಿಲ್ಲ.

ದೊಡ್ಡಮ್ಮನೇ ಬೇಸತ್ತು ಹೇಳಿದರು, “ನೆಲದ ಎಲೆಗೆ ಯಾರಾದ್ರೂ ಹೀಗೆ ಸೆಟೆದು ನಿಂತು ಬಡಿಸ್ತಾರಾ ಮಾರಾಯ? ಆ ಸೌಟು ಕೊಡು ಇಲ್ಲಿ.”

ಕುಕ್ಕರಗಾಲಲ್ಲಿ ಕೂತರು. ಮೊಣಕಾಲು ಹೊಟ್ಟೆಗೆ ಒತ್ತಿತು, ಉಸಿರು ಅರ್ಧಕ್ಕೆ ನಿಂತಿತು. ಮೈಕನ್ನು ನೆಲದ ಹತ್ತಿರ, ಎಲೆ ಇರುವ ಜಾಗಕ್ಕೆ ಇಳಿಸಿದೆ. ‘ಬಿಸಿ ಉಂಟು’ ಆದ ಮೇಲೆ ಸೌಟಿನ ಕೈ ಸ್ವಲ್ಪ ಹಿಂದೆ ಸರಿಯಿತು, ಉಸಿರು ತಿರುಗಿತು, ಆಮೇಲೆ ‘ಮೆಲ್ಲ’. ಈ ತಡೆ ಸ್ಕ್ರಿಪ್ಟಿನಲ್ಲಿ ಇರಲೇ ಇಲ್ಲ. ತುಟಿ ಈಗ ಒಂದು ಕೂದಲೆಳೆ ತಪ್ಪುತ್ತದೆ. ತಪ್ಪಲಿ, ಅವರ ಮುಖ ಅಲ್ಲಿ ಅರ್ಧ ಕತ್ತಲೆಯಲ್ಲೇ ಉಂಟು.

ಇನ್ನು ಕಪಾಟಿನ ಸ್ವರವನ್ನು ಆ ಕೋಣೆಯೊಳಗೆ ಕೂರಿಸಬೇಕು. ರೆಡಿಮೇಡ್ ರಿವರ್ಬ್‌ಗಳೆಲ್ಲ (ಜಾಗದ ಪ್ರತಿಧ್ವನಿ ಕೊಡುವ ಎಫೆಕ್ಟುಗಳು) ಚರ್ಚು, ಸಭಾಂಗಣ, ಬಾತ್‌ರೂಮು. ಹಂಚಿನ ಮಾಡಿನ, ರೆಡ್ ಆಕ್ಸೈಡ್ ನೆಲದ ಕೋಣೆ ಯಾರ ಹತ್ತಿರವೂ ಇಲ್ಲ. ಮಳೆ ಸ್ವಲ್ಪ ಬಿಟ್ಟಾಗ ಆ ಕೋಣೆಯಲ್ಲೇ ದೊಡ್ಡ ಬಲೂನ್ ಒಡೆದು, ಆ ಢಬ್ಬಿನ ಬಾಲವನ್ನು ರೆಕಾರ್ಡ್ ಮಾಡಿ, ಸೌಂಡ್ ಎಡಿಟಿಂಗಿನ ಸಾಫ್ಟ್‌ವೇರ್ ರೀಪರ್‌ನ ರಿಯಾವರ್ಬ್‌ಗೆ ಇಂಪಲ್ಸ್ ಆಗಿ, ಅಂದರೆ ಆ ಕೋಣೆಯ ಪ್ರತಿಧ್ವನಿಯ ಅಚ್ಚಾಗಿ ಕೊಟ್ಟೆ. ಪಕ್ಕದ ಮನೆಯ ಅಜ್ಜಿ ಬೇಲಿ ಹತ್ತಿರ ಬಂದು “ಯಾರದ್ದು ಬರ್ತ್‌ಡೇ?” ಅಂತ ಕೇಳಿದರು. ಒಳಗೆ ಸತ್ತವರಿಗೆ ಎಲೆ ಹಾಕಿಟ್ಟಿದ್ದೇವೆ, ಏನಂತ ಹೇಳುವುದು!

ಕೂತಿತು. ಕೋಣೆಯದ್ದೇ ಸ್ವರ. ಅದರ ಕೆಳಗೆ ಬೇರೆಯಾಗಿ ರೆಕಾರ್ಡ್ ಮಾಡಿದ ಒಂದೇ ಉದ್ದನೆಯ ಮಳೆ, ಶಾಟ್ ಕಟ್ ಆದರೂ ಮಳೆ ಕಟ್ ಆಗುವುದಿಲ್ಲ. ಜಗಲಿಗೆ ಬಂದಾಗ ಮಾತ್ರ ಬೇರೆ ಮಳೆ ಬೇಕು: ಒಳಗೆ ಹಂಚಿನ ಮಂದ ಗದ್ದಲ, ಹೊರಗೆ ಸೂರಿನ ನೀರು ಹಂಡೆಗೆ ಬೀಳುವ ಟಣಟಣ. ಈ ಎರಡು ಮಳೆಗಳ ನಡುವೆ ಬಾಗಿಲು ಮುಚ್ಚುತ್ತದೆ, ಅಷ್ಟರಲ್ಲಿ ಗಂಡನಿಗೆ ಏನೂ ಕೇಳಿಲ್ಲ ಅಂತ ನೋಡುವವರಿಗೆ ಗೊತ್ತಾಗುತ್ತದೆ. ಅವನ ಡೈಲಾಗು ಕಿತ್ತು ಹಾಕಿದೆ.

ಹೀಗೆ ಸದ್ದು ಹುಡುಕುತ್ತಾ ತಲೆಗೆ ಹೊಕ್ಕಿದ್ದು ಮುಂದಿನ ಹುಚ್ಚು: ರಜೆ ಮುಗಿದು ಬೋಟುಗಳು ಹೊರಡುವ ಹೊತ್ತಿನ ಮಲ್ಪೆ ಬಂದರು, ಚಿತ್ರವೇ ಇಲ್ಲದೆ ಬರೀ ಸದ್ದಿನಲ್ಲಿ. ಐಸ್ ಪುಡಿ ಮಾಡುವ ಮೆಷಿನ್, ಡೀಸೆಲ್ ಇಂಜಿನ್, ಬೈಗುಳ. ಬೈಗುಳಕ್ಕೆ ಬೀಪ್ ಹಾಕುವುದಾದರೆ ಉಳಿಯುವುದು ಬೀಪ್ ಮಾತ್ರ.

ಅದಕ್ಕೆ ಮುಂಚೆ ಬಂಗುಡೆಯ ಕ್ಲೋಸಪ್ ಮತ್ತೆ ತೆಗೆಯಬೇಕು. ಎಡಿಟಿಂಗಿಗೆ ಕೂರುವ ಗೆಳೆಯ ‘ಮೆಲ್ಲ ಉಣ್ಣು’ ಆದ ಕೂಡಲೇ ವಯಲಿನ್ ಬೇಕು ಅಂತ ಹಟ ಹಿಡಿದಿದ್ದಾನೆ. ಪ್ರಾಜೆಕ್ಟ್ ಫೈಲ್ ನನ್ನ ಹಾರ್ಡ್‌ಡಿಸ್ಕಿನಲ್ಲಿದೆ, ಸದ್ಯಕ್ಕೆ ಅವನಿಗೆ ಕೊಡುವುದಿಲ್ಲ.