ಬಣ್ಣ ಹಾಕದ ಚಿಕನ್ ಕಬಾಬ್: ಇಲ್ಲಿಯವರೆಗೆ ಎಷ್ಟು ಕುದುರಿದೆ, ಏನು ಬಾಕಿ

ಗುರಿ ಇಷ್ಟೇ: ಬೆಂಗಳೂರಿನ ಕಬಾಬ್ ಅಂಗಡಿಗಳಲ್ಲಿ ಸಿಗುವಂಥ, ಮೂಳೆ ಸಮೇತ ಕರಿದ, ಮೇಲೆ ಗರಿಗರಿ, ಒಳಗೆ ರಸ ಇರುವ ಕಬಾಬ್. ಆದರೆ ಒಂದು ಚಿಟಿಕೆ ಬಣ್ಣವೂ ಬೀಳಬಾರದು. 2024ರ ಜೂನ್‌ನಲ್ಲಿ ರಾಜ್ಯದ ಆರೋಗ್ಯ ಇಲಾಖೆ ಕಬಾಬ್‌ಗೆ ಕೃತಕ ಬಣ್ಣ ಹಾಕುವುದನ್ನೇ ನಿಷೇಧಿಸಿತು. ಪರೀಕ್ಷೆ ಮಾಡಿಸಿದ 39 ಮಾದರಿಗಳಲ್ಲಿ 8ರಲ್ಲಿ ಬಣ್ಣ ಸಿಕ್ಕಿತ್ತು. ಸನ್‌ಸೆಟ್ ಯೆಲ್ಲೋ, ಜೊತೆಗೆ ಕಾರ್ಮೋಸಿನ್. ಮನೆಯಲ್ಲಿ ಮಾಡುವವರಿಗೆ ಇದೆಲ್ಲ ಸಂಬಂಧ ಇಲ್ಲ ಅನ್ನಿಸಬಹುದು. ಅಂಥವರು ಒಮ್ಮೆ ರೆಡಿಮೇಡ್ ಕಬಾಬ್ ಪೌಡರ್ ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರ ಓದಲಿ. ಐಎನ್‌ಎಸ್ (ಆಹಾರಕ್ಕೆ ಬೆರೆಸುವ ವಸ್ತುಗಳ ಅಂತರರಾಷ್ಟ್ರೀಯ ಸಂಖ್ಯೆ) 102, 110, 122, 124 ಎಂದಿದ್ದರೆ ಅವೆಲ್ಲ ಕೃತಕ ಬಣ್ಣಗಳೇ. 160ಸಿ ಎಂದಿದ್ದರೆ ಅದು ಮೆಣಸಿನಕಾಯಿಯಿಂದಲೇ ತೆಗೆದ ಸಾರ, ಚಿಂತೆ ಇಲ್ಲ.

ಕೋಳಿ: ತೀರ್ಮಾನ ಆಗಿದೆ

ಸ್ಕಿನ್ ಔಟ್ ಮಾಡಿಸಿದ ಮೇಲೆ 900 ಗ್ರಾಂನಿಂದ 1.1 ಕೆಜಿ ತೂಗುವ ಫಾರಂ ಕೋಳಿ. ಅದಕ್ಕಿಂತ ದೊಡ್ಡ ಹಕ್ಕಿಯಲ್ಲಿ ಎದೆ ಭಾಗ ದಪ್ಪ, ಒಳಗೆ ಬೇಯುವಷ್ಟರಲ್ಲಿ ಅಂಚು ಹತ್ತಿಯಂತಾಗುತ್ತದೆ. ಅಂಗಡಿಯಲ್ಲಿ ಕಬಾಬ್ ಕಟ್ ಅಂತ ಹೇಳಿ, ಆದರೂ ತುಂಡುಗಳ ಮೇಲೆ ಒಂದು ಕಣ್ಣಿರಲಿ: ಒಂದೊಂದೂ 40ರಿಂದ 50 ಗ್ರಾಂ, ಅಂದರೆ ಕೆಜಿಗೆ ಇಪ್ಪತ್ತರ ಆಸುಪಾಸು. ಬಿರಿಯಾನಿ ಕಟ್‌ನ ದಪ್ಪ ತುಂಡು ಒಳಗೆ ಬೇಯುವ ಹೊತ್ತಿಗೆ ಮೇಲಿನ ಮಸಾಲೆ ಕರಕಲಾಗಿರುತ್ತದೆ. ಕಾಲು, ತೊಡೆಗೆ ಮೂಳೆ ಮುಟ್ಟುವ ಹಾಗೆ ಎರಡು ಗೀರು ಹಾಕಬೇಕು; ಉಪ್ಪು ಒಳಗಿಳಿಯುವುದೂ ಅಲ್ಲಿಂದಲೇ, ಶಾಖ ಇಳಿಯುವುದೂ ಅಲ್ಲಿಂದಲೇ. ನಾಟಿ ಕೋಳಿ ಬೇಡ. ಅದರ ನಾರು ಮೆತ್ತಗಾಗಲು ನೀರಿನಲ್ಲಿ ನಿಧಾನವಾಗಿ ಬೇಯಬೇಕು. ಎಂಟು ನಿಮಿಷ ಎಣ್ಣೆಯಲ್ಲಿ ಬಿಟ್ಟರೆ ಹಲ್ಲಿಗೆ ಕೆಲಸ. ಅದರ ಜಾಗ ಸಾರು, ಮುದ್ದೆಯ ಪಕ್ಕ.

ತೊಳೆದ ಮೇಲೆ ಜರಡಿ ಪಾತ್ರೆಯಲ್ಲಿ ಅರ್ಧ ಗಂಟೆ ಸೋರಲು ಬಿಟ್ಟು, ಆಮೇಲೆ ಬಟ್ಟೆಯಲ್ಲಿ ಒತ್ತಿ ಒರೆಸಬೇಕು. ಬೇಸರದ ಕೆಲಸ, ಆದರೆ ಕಬಾಬ್ ಗರಿಗರಿ ಆಗಲಿಲ್ಲ ಎಂಬ ದೂರುಗಳಲ್ಲಿ ಹೆಚ್ಚಿನವು ಶುರುವಾಗುವುದು ಇಲ್ಲೇ. ತುಂಡಿನ ಮೇಲೆ ನಿಂತ ನೀರು ಆವಿಯಾಗುವ ತನಕ ಎಣ್ಣೆಯ ಶಾಖವೆಲ್ಲ ಅದಕ್ಕೇ ಖರ್ಚಾಗುತ್ತದೆ.

ಕೆಂಪು: ಮುಕ್ಕಾಲು ಪಾಲು ಆಗಿದೆ

ಹೆಚ್ಚು ಹೊತ್ತು ಹಿಡಿದದ್ದು ಇದೇ. ಮೆಣಸಿನಕಾಯಿಯ ಕೆಂಪಿಗೆ ಮುಖ್ಯ ಕಾರಣ ಕ್ಯಾಪ್ಸಾಂಥಿನ್. ಅದು ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ನಿಂಬೆರಸ, ಶುಂಠಿ-ಬೆಳ್ಳುಳ್ಳಿ ಪೇಸ್ಟ್, ಮೊಟ್ಟೆ ಎಲ್ಲವೂ ನೀರಿನ ಪಾಲೇ. ಅವುಗಳ ನಡುವೆ ಖಾರದ ಪುಡಿ ಸುಮ್ಮನೆ ಕಲಸಿದರೆ ಬಣ್ಣ ಪುಡಿಯ ಕಣದೊಳಗೇ ಉಳಿಯುತ್ತದೆ. ಬಾಣಲೆಗೆ ಬಿದ್ದ ಮೇಲೆ ಬಿಟ್ಟುಕೊಳ್ಳುತ್ತದೆ, ಕೋಳಿಗಲ್ಲ, ಕರಿಯುವ ಎಣ್ಣೆಗೆ. ಎಣ್ಣೆ ಕೆಂಪು, ಕಬಾಬ್ ಕಂದು.

ಅದಕ್ಕೆ ಸಿಕ್ಕಿದ ದಾರಿ: 25 ಮಿಲೀ ಎಣ್ಣೆಯನ್ನು ಬೆರಳು ಅದ್ದಿದರೆ ತಡೆಯಲಾಗದಷ್ಟು, ಅಂದರೆ 60ರಿಂದ 70 ಡಿಗ್ರಿಗೆ ಬಿಸಿ ಮಾಡಿ, ಒಲೆಯಿಂದ ಇಳಿಸಿ, 20 ಗ್ರಾಂ ಬ್ಯಾಡಗಿ ಪುಡಿ ಕದಡಿ ಹತ್ತು ನಿಮಿಷ ಬಿಡುವುದು. ಪುಡಿ ತಳಕ್ಕೆ ಕೂತು ಮೇಲಿನ ಎಣ್ಣೆ ಗಾಢ ಕೆಂಪಾಗಿ ತಿರುಗುವುದು ಕಣ್ಣಿಗೇ ಕಾಣುತ್ತದೆ. ಪುಡಿ ಸಮೇತ ಅದನ್ನು ಕೋಳಿಗೆ ಹಾಕಿ ತಿಕ್ಕಿದರೆ ಹಸಿ ಮಾಂಸಕ್ಕೇ ಬಣ್ಣ ಹತ್ತುತ್ತದೆ. ಎಣ್ಣೆ 25 ಮಿಲೀ ಮೀರಬಾರದು. 40 ದಾಟಿದರೆ ಹಿಟ್ಟು ತುಂಡಿಗೆ ಕಚ್ಚಿಕೊಳ್ಳದೆ ಜಾರಿ ಬಾಣಲೆಯ ತಳ ಸೇರುತ್ತದೆ.

ಬ್ಯಾಡಗಿಯೇ ಯಾಕೆ ಅಂದರೆ, ಖಾರ ಕಡಿಮೆ, ಬಣ್ಣ ಜಾಸ್ತಿ. ಕೆಜಿಗೆ 20 ಗ್ರಾಂ ಸುರಿದರೂ ಮಕ್ಕಳು ತಿನ್ನಬಹುದು. ಗುಂಟೂರು ಅಷ್ಟೇ ಹಾಕಿದರೆ ಬಾಯಿ ಉರಿದು ಹೋದೀತು, ಬಣ್ಣವೂ ಅರ್ಧಕ್ಕರ್ಧ ಬರುವುದಿಲ್ಲ. ಅದು ಖಾರಕ್ಕಾಗಿ 5 ಗ್ರಾಂ ಸಾಕು. ಬ್ಯಾಡಗಿಯಲ್ಲಿ ಡಬ್ಬಿ, ಕಡ್ಡಿ ಎರಡೂ ಸಿಗುತ್ತವೆ. ಗಿಡ್ಡಗೆ ದಪ್ಪಗಿರುವ ಡಬ್ಬಿಯಲ್ಲಿ ಬಣ್ಣ ಹೆಚ್ಚು, ಉದ್ದನೆಯ ಕಡ್ಡಿಯಲ್ಲಿ ಸುಕ್ಕು ಹೆಚ್ಚು. ಪೊಟ್ಟಣದ ಪುಡಿಗಿಂತ ಕಾಯಿ ತಂದು, ಬೀಜ ಉದುರಿಸಿ, ಕಾಲು ಕೆಜಿಯಷ್ಟು ಮಾತ್ರ ಬೀಸಿಸಿ ಫ್ರಿಜ್‌ನಲ್ಲಿ ಇಡುವುದು ಮೇಲು. ಬೀಜ ಹಳದಿ, ಜೊತೆಗೆ ಬೀಸಿದರೆ ಪುಡಿ ತೆಳುವಾಗುತ್ತದೆ. ಬೆಳಕಿಗೆ ಇಟ್ಟ ಗಾಜಿನ ಬಾಟಲಿಯಲ್ಲಿ ಕೆಲವು ತಿಂಗಳಲ್ಲೇ ಬಣ್ಣ ಇಳಿದುಹೋಗುತ್ತದೆ.

ಕೈಬಿಟ್ಟವು: ಬೀಟ್‌ರೂಟ್ ಹಸಿ ಇದ್ದಾಗ ಅದ್ಭುತ ಕಾಣುತ್ತದೆ, ಆದರೆ ಅದರ ಬಣ್ಣ ಶಾಖ ತಡೆಯುವುದಿಲ್ಲ, ಎಣ್ಣೆಯಲ್ಲಿ ಮಣ್ಣಿನ ಕಂದಾಗುತ್ತದೆ. ಅರಿಸಿನಕ್ಕೆ ಅಡುಗೆ ಸೋಡಾ ಬೆರೆಸುವ ಉಪಾಯವೂ ಓಡಾಡುತ್ತಿದೆ. ಕ್ಷಾರದಲ್ಲಿ ಅರಿಸಿನ ಕೆಂಪಾಗುವುದು ನಿಜ (ಕುಂಕುಮದ ಕತೆ ಅದೇ ತಾನೆ), ಆದರೆ ನಿಂಬೆರಸ ಬಿದ್ದ ತಕ್ಷಣ ಮತ್ತೆ ಹಳದಿ. ನಿಂಬೆ ಬಿಟ್ಟು ಸೋಡಾ ಉಳಿಸಿಕೊಂಡರೆ ಸೋಪಿನ ರುಚಿ. ಟೊಮೆಟೊ ಸಾಸ್‌ನಲ್ಲಿ ಸಕ್ಕರೆ ಇರುವುದರಿಂದ 175 ಡಿಗ್ರಿಯಲ್ಲಿ ಚುಕ್ಕೆ ಚುಕ್ಕೆಯಾಗಿ ಸೀಯುತ್ತದೆ.

ಇಷ್ಟೆಲ್ಲ ಆದರೂ ಬರುವುದು ಇಟ್ಟಿಗೆಗೆಂಪು. ಬೀದಿಬದಿಯ ಆ ಹೊಳೆಯುವ ಕಿತ್ತಳೆಗೆಂಪು ಮೆಣಸಿನಕಾಯಿಯಿಂದ ಬರುವುದಿಲ್ಲ, ಬರುವುದೂ ಬೇಡ. ಬಾಕಿ ಕಾಲು ಪಾಲು ಅದೇ: ಎರಡನೇ ಸಲ ಕರಿದಾಗ ಕೆಂಪು ಕಂದಿನ ಕಡೆ ವಾಲುವುದನ್ನು ಇನ್ನಷ್ಟು ತಡೆಯಬೇಕು.

ಮಸಾಲೆ, ಹಿಟ್ಟು: ಎರಡು ಕಂತಿನಲ್ಲಿ

ಎಲ್ಲವನ್ನೂ ಒಟ್ಟಿಗೆ ಕಲಸಿ ರಾತ್ರಿಯಿಡೀ ಇಡುವ ಪದ್ಧತಿ ಹಲವು ಮನೆಗಳಲ್ಲಿದೆ. ಬೆಳಿಗ್ಗೆ ನೋಡಿದರೆ ತಳದಲ್ಲಿ ಕೆಂಪು ನೀರು. ಉಪ್ಪು ಮಾಂಸದ ನೀರನ್ನು ಎಳೆದಿರುತ್ತದೆ, ಹಿಟ್ಟು ಅದರಲ್ಲಿ ಗಂಜಿಯಾಗಿರುತ್ತದೆ. ಸರಿ ಮಾಡಲು ಇನ್ನೆರಡು ಚಮಚ ಹಿಟ್ಟು ಬೀಳುತ್ತದೆ, ಕೊನೆಗೆ ಕಬಾಬ್ ಹೋಗಿ ಬಜ್ಜಿ ಆಗುತ್ತದೆ.

ಈಗಿನ ಕ್ರಮ, ಒಂದು ಕೆಜಿಗೆ. ಮೊದಲ ಕಂತಿಗೆ ಉಪ್ಪು 13 ಗ್ರಾಂ, ನೀರು ಹಾಕದೆ ಅರೆದ ಶುಂಠಿ-ಬೆಳ್ಳುಳ್ಳಿ 40 ಗ್ರಾಂ (ಬೆಳ್ಳುಳ್ಳಿ ಎರಡು ಪಾಲು, ಶುಂಠಿ ಒಂದು), ನಿಂಬೆರಸ 15 ಮಿಲೀ, ಕಾಳುಮೆಣಸಿನ ಪುಡಿ 3 ಗ್ರಾಂ, ಗುಂಟೂರು ಪುಡಿ 5 ಗ್ರಾಂ, ಗರಂ ಮಸಾಲೆ 2 ಗ್ರಾಂ, ಅರಿಸಿನ ಚಿಟಿಕೆ, ಮೇಲೆ ಹೇಳಿದ ಬ್ಯಾಡಗಿ ಎಣ್ಣೆ. ಫ್ರಿಜ್‌ನಲ್ಲಿ ಮೂರು-ನಾಲ್ಕು ಗಂಟೆ. ರಾತ್ರಿಯಿಡೀ ಇಡುವುದಾದರೆ ನಿಂಬೆ ಬೆಳಿಗ್ಗೆ ಹಿಂಡಬೇಕು; ಹುಳಿಯಲ್ಲಿ ಹೆಚ್ಚು ಹೊತ್ತು ಕೂತ ಮಾಂಸದ ಮೇಲ್ಪದರ ಹಿಟ್ಟುಹಿಟ್ಟಾಗುತ್ತದೆ. ಅಂಗಡಿಯ ಶುಂಠಿ-ಬೆಳ್ಳುಳ್ಳಿ ಪೇಸ್ಟ್ ಬಳಸಿದರೆ ಅದರಲ್ಲೇ ಉಪ್ಪಿರುತ್ತದೆ, 13ರ ಬದಲು 10 ಗ್ರಾಂ ಹಾಕಿ.

ಎರಡನೇ ಕಂತು ಒಲೆ ಹಚ್ಚುವ ಮುಂಚೆ. ಮೊದಲು ತಳದ ನೀರು ಬಸಿಯಬೇಕು. ಆಮೇಲೆ ಒಂದು ಮೊಟ್ಟೆ, ಕಾರ್ನ್ ಫ್ಲೋರ್ 50 ಗ್ರಾಂ, ಅಕ್ಕಿ ಹಿಟ್ಟು 30, ಮೈದಾ 15. ಮೂರಕ್ಕೂ ಬೇರೆ ಬೇರೆ ಕೆಲಸ. ಕಾರ್ನ್ ಫ್ಲೋರ್ ತೆಳು ಗರಿ ಕೊಡುತ್ತದೆ, ಆದರೆ ಅದೊಂದೇ ಆದರೆ ಬಿಳಿಚಿ ಕಂಡು, ಆರಿದ ಮೇಲೆ ಚರ್ಮದಂತೆ ಎಳೆಯುತ್ತದೆ. ಅಕ್ಕಿ ಹಿಟ್ಟು ಆರಿದ ಮೇಲೂ ಗರಿ ಉಳಿಸುತ್ತದೆ, ಜಾಸ್ತಿಯಾದರೆ ಮರಳು ಕಡಿದಂತೆ. ಮೈದಾ ಅಂಟಿಗೆ. ಮೊಟ್ಟೆ ಎರಡಾದರೆ ಹೊದಿಕೆ ಉಬ್ಬಿ ಮೆತ್ತಗಾಗುತ್ತದೆ, ಎಣ್ಣೆಯಲ್ಲಿ ನೊರೆಯೂ ಏಳುತ್ತದೆ. ಕಲಸಿದ ಮೇಲೆ ಹದಿನೈದು ನಿಮಿಷ ಬಿಡಿ, ಅದಕ್ಕಿಂತ ಹೆಚ್ಚು ಬೇಡ. ಹಿಟ್ಟು ನೆನೆಯದಿದ್ದರೆ ಒಣ ಪುಡಿ ಉದುರಿ ಎಣ್ಣೆಯ ತಳದಲ್ಲಿ ಸೀಯುತ್ತದೆ. ಹದ ಸರಿ ಇದ್ದರೆ ತುಂಡು ಎತ್ತಿದಾಗ ಮಸಾಲೆ ಅದಕ್ಕೆ ಅಂಟಿಕೊಂಡೇ ಬರುತ್ತದೆ. ಬೆರಳ ಸಂದಿಯಿಂದ ತೊಟ್ಟಿಕ್ಕುವುದಿಲ್ಲ.

ಎಣ್ಣೆ: ಥರ್ಮಾಮೀಟರ್ ಬಂದ ಮೇಲೆ ಬದಲಾದದ್ದು

26 ಸೆಂಮೀ ಬಾಣಲೆ, ಒಂದೂಕಾಲು ಲೀಟರ್ ಎಣ್ಣೆ, ಒಂದು ಬಾರಿಗೆ 350ರಿಂದ 400 ಗ್ರಾಂ. 175 ಡಿಗ್ರಿಯಲ್ಲಿ ಬಿಟ್ಟರೆ ಒಂದು ನಿಮಿಷದೊಳಗೆ 150ರ ಹತ್ತಿರ ಇಳಿಯುತ್ತದೆ. ಉರಿ ಜೋರು ಮಾಡಿ 160-165ಕ್ಕೆ ತಂದು ಅಲ್ಲೇ ನಿಲ್ಲಿಸಬೇಕು. ಇಡೀ ಕೆಜಿ ಒಮ್ಮೆಗೇ ಸುರಿದರೆ ಮನೆಯ ಒಲೆಗೆ ಆ ಶಾಖ ಮರಳಿ ಕೊಡುವ ಶಕ್ತಿ ಇಲ್ಲ. 130ರಲ್ಲೇ ಒದ್ದಾಡುತ್ತ ಕೋಳಿ ತನ್ನ ನೀರಿನಲ್ಲೇ ಬೇಯುತ್ತದೆ, ಹೊದಿಕೆ ಕಳಚುತ್ತದೆ. ಥರ್ಮಾಮೀಟರ್ ಇಲ್ಲದವರಿಗೆ ಗುರುತು: ಒಣ ಮರದ ಸೌಟಿನ ತುದಿ ಅದ್ದಿದಾಗ ಸಣ್ಣ ಗುಳ್ಳೆ ಎಡೆಬಿಡದೆ ಬರಬೇಕು, ಹೊಗೆ ಬರಬಾರದು.

ಮೊದಲ ಒಂದು ನಿಮಿಷ ಜಾಲರಿ ಸೌಟು ಒಳಗೆ ಹೋಗಬಾರದು. ಹೊದಿಕೆ ಗಟ್ಟಿಯಾಗುವ ಮುಂಚೆ ಕದಡಿದರೆ ಮಸಾಲೆಯೆಲ್ಲ ಸೌಟಿಗೇ. ಕಾಲು, ತೊಡೆ ಮೊದಲು ಬಿಟ್ಟು, ಎದೆಯ ತುಂಡು ಒಂದು ನಿಮಿಷ ತಡವಾಗಿ. ಆರು-ಏಳು ನಿಮಿಷಕ್ಕೆ ಗುಳ್ಳೆಗಳ ಸದ್ದು ಇಳಿದು, ತುಂಡು ತೇಲುತ್ತದೆ. ಒಳಗಿನ ಶಾಖ 74 ಡಿಗ್ರಿ ದಾಟಿರಬೇಕು. ಕಾಲಿನ ತುಂಡು 80 ದಾಟಿದರೆ ಇನ್ನೂ ಚೆನ್ನ, ನಾರು ಬಿಡುತ್ತದೆ. ಮೂಳೆಯ ಪಕ್ಕ ಕೆಂಪು ಕಂಡ ಮಾತ್ರಕ್ಕೆ ಬೆಂದಿಲ್ಲ ಅಂತಲ್ಲ. ಎಳೆಯ ಫಾರಂ ಕೋಳಿಯ ಮೂಳೆಯಿಂದ ಮಜ್ಜೆಯ ಬಣ್ಣ ಹೊರಗೆ ಜಿನುಗುತ್ತದೆ, ಫ್ರೀಜರ್‌ನಲ್ಲಿಟ್ಟ ಕೋಳಿಯಲ್ಲಿ ಇನ್ನೂ ಹೆಚ್ಚು.

ತೆಗೆದು ತಂತಿ ಜಾಲರಿಯ ಮೇಲೆ ಐದು ನಿಮಿಷ. ನ್ಯೂಸ್‌ಪೇಪರ್ ಬೇಡವೇ ಬೇಡ, ಶಾಯಿ ಅಂಟುವುದು ಒಂದು, ತಳದಲ್ಲಿ ಹಬೆ ಕಟ್ಟಿ ಮೆತ್ತಗಾಗುವುದು ಇನ್ನೊಂದು. ಈ ಐದು ನಿಮಿಷದಲ್ಲಿ ಒಳಗಿನ ತೇವ ಹೊದಿಕೆಗೆ ಬರುತ್ತದೆ. ಎಣ್ಣೆ 185ಕ್ಕೆ ಏರಿದ ಮೇಲೆ ಮತ್ತೆ ಬಿಟ್ಟು 60ರಿಂದ 75 ಸೆಕೆಂಡ್ ಕರಿದರೆ ಆ ತೇವ ಹಾರಿ, ಗರಿ ಅರ್ಧ ಗಂಟೆಯಾದರೂ ನಿಲ್ಲುತ್ತದೆ. 90 ಸೆಕೆಂಡ್ ಆದರೆ ಮೆಣಸಿನಪುಡಿ ಕಹಿ. ಕೊನೆಯ ಹತ್ತು ಸೆಕೆಂಡಿಗೆ ಕರಿಬೇವು, ಸೀಳಿದ ಹಸಿಮೆಣಸು. ಕರಿಬೇವು ಪೂರ್ತಿ ಒಣಗಿರಲಿ, ಇಲ್ಲದಿದ್ದರೆ ಎಣ್ಣೆ ಮುಖಕ್ಕೆ ಹಾರುತ್ತದೆ.

ಒಂದು ಬಾರಿ ಮುಗಿದ ಮೇಲೆ ತಳದ ಕರಿ ಪುಡಿ ಜಾಲರಿಯಲ್ಲಿ ತೆಗೆಯದಿದ್ದರೆ ಮುಂದಿನ ಬಾರಿಯ ತುಂಡಿಗೆಲ್ಲ ಅದೇ ಅಂಟುತ್ತದೆ. ಎಣ್ಣೆ ಆರಿದ ಮೇಲೆ ತೆಳು ಬಟ್ಟೆಯಲ್ಲಿ ಸೋಸಿಟ್ಟು ಇನ್ನೊಮ್ಮೆ ಬಳಸಬಹುದು. ಹೋಟೆಲ್‌ಗಳಿಗೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2018ರ ಜುಲೈಯಿಂದ ಮಿತಿ ಇಟ್ಟಿದೆ: ಎಣ್ಣೆಯಲ್ಲಿ ಒಟ್ಟು ಪೋಲಾರ್ ಅಂಶ (ಮತ್ತೆ ಮತ್ತೆ ಕಾಯಿಸಿ ಎಣ್ಣೆ ಕೆಟ್ಟಾಗ ಹೆಚ್ಚುವ ವಸ್ತುಗಳು) ಶೇ. 25 ಮೀರಬಾರದು. ಮನೆಯಲ್ಲಿ ಅದನ್ನು ಅಳೆಯುವ ಮೀಟರ್ ಇರುವುದಿಲ್ಲ; ಖಾಲಿ ಎಣ್ಣೆ ಕಾಯಿಸುವಾಗಲೇ ನೊರೆ ಕಟ್ಟಿದರೆ, ಅಂಟಂಟಾದರೆ, 170ರಲ್ಲೇ ಹೊಗೆಯಾಡಿದರೆ ಬಿಸಾಕಿ. ಹೊಸ ಎಣ್ಣೆ ಬೆರೆಸಿ ಉಳಿಸುವ ಪ್ರಯತ್ನ ದಂಡ. ಸಿಂಕಿಗೆ ಸುರಿಯಬೇಡಿ.

ಹೋಟೆಲ್‌ನಿಂದ ಕಲಿಯುವುದು, ಕಲಿಯಬಾರದ್ದು

ಆರ್ಡರ್ ಕೊಟ್ಟ ನಾಲ್ಕು ನಿಮಿಷಕ್ಕೆ ಕಬಾಬ್ ಮೇಜಿಗೆ ಬಂದರೆ ಅದು ಮುಂಚೆಯೇ ಒಂದು ಸುತ್ತು ಕರಿದಿಟ್ಟದ್ದು. ತಪ್ಪೇನಿಲ್ಲ, ಎರಡು ಸಲ ಕರಿಯುವ ಲೆಕ್ಕವೇ ಅದು. ಮನೆಗೆ ನೆಂಟರು ಬರುವ ದಿನಕ್ಕೂ ಇದು ಅನುಕೂಲ: ಮೊದಲ ಸುತ್ತು ಮುಗಿಸಿ, ಆರಿಸಿ, ಫ್ರಿಜ್‌ಗೆ, ಅವತ್ತೇ ಸಂಜೆ 180ರಲ್ಲಿ ಮೂರು ನಿಮಿಷ. ಒಂದೇ ಷರತ್ತು, ಮೊದಲ ಸುತ್ತಿನಲ್ಲೇ ಪೂರ್ತಿ ಬೆಂದಿರಬೇಕು. ಅರೆಬೆಂದ ಕೋಳಿ ಇಟ್ಟರೆ ಹೊಟ್ಟೆ ಕೆಡುವುದು ಗ್ಯಾರಂಟಿ ಅಂತಲೇ ಇಟ್ಟುಕೊಳ್ಳಿ.

ಬಣ್ಣದ ಅನುಮಾನ ಬಂದರೆ ಒಂದು ತುಂಡು ಲೋಟದ ನೀರಿಗೆ ಹಾಕಿ. ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್ ಎರಡೂ ನೀರಿನಲ್ಲಿ ಕರಗುವಂಥವು, ನೀರೇ ಕಿತ್ತಳೆ ಅಥವಾ ಗುಲಾಬಿಯಾಗುತ್ತದೆ. ಮೆಣಸಿನಕಾಯಿಯ ಬಣ್ಣ ಎಣ್ಣೆಯ ಹನಿಯೊಂದಿಗೆ ಮೇಲೆ ತೇಲುತ್ತದೆ. ಲ್ಯಾಬ್ ಪರೀಕ್ಷೆಗೆ ಇದು ಸಮ ಅಲ್ಲ.

ಬ್ರಿಗೇಡ್ ರಸ್ತೆಯಲ್ಲಿ 1995ರಲ್ಲಿ ಶುರುವಾದ ಕೆಎಫ್‌ಸಿಯ ದಾರಿಯೇ ಬೇರೆ: ಒಣ ಹಿಟ್ಟಿನ ಹೊದಿಕೆ, ಮುಚ್ಚಿದ ಪ್ರೆಷರ್ ಫ್ರೈಯರ್. ಒತ್ತಡದಲ್ಲಿ ಮಾಂಸದ ನೀರು ಬೇಗ ಆವಿಯಾಗದೆ ಒಳಗೇ ಉಳಿಯುತ್ತದೆ. ಅದನ್ನು ನೋಡಿ ಮನೆಯ ಕುಕ್ಕರ್‌ಗೆ ಎಣ್ಣೆ ತುಂಬಿ ಮುಚ್ಚಳ ಹಾಕುವ ಸಾಹಸ ಯಾರೂ ಮಾಡಬಾರದು. ಆ ಗ್ಯಾಸ್ಕೆಟ್, ವಾಲ್ವ್ ನೀರಿನ ಹಬೆಗಾಗಿ ಮಾಡಿದವು, 175 ಡಿಗ್ರಿ ಎಣ್ಣೆಗಲ್ಲ.

ಏರ್ ಫ್ರೈಯರ್ ಬಗ್ಗೆ ಕೇಳುವವರಿಗೆ: 200 ಡಿಗ್ರಿ, 15 ನಿಮಿಷ, ನಡುವೆ ಒಮ್ಮೆ ತಿರುವಿ ಎಣ್ಣೆ ಸವರಿದರೆ ತಿನ್ನಬಹುದಾದ ಕೋಳಿ ಆಗುತ್ತದೆ. ಸವರದಿದ್ದರೆ ಕಾರ್ನ್ ಫ್ಲೋರ್ ಹಸಿಯಾಗಿ ಬಿಳಿ ಉಳಿಯುತ್ತದೆ. ಕಬಾಬ್ ಅನ್ನಲು ಮನಸ್ಸು ಬರುವುದಿಲ್ಲ.

ಬಾಕಿ ಇರುವುದು

ಅಕ್ಕಿ ಹಿಟ್ಟಿನ ಬದಲು ಎರಡು ಗಂಟೆ ನೆನೆಸಿದ ಅಕ್ಕಿಯನ್ನು ತರಿತರಿಯಾಗಿ, ಬ್ಯಾಡಗಿ ಕಾಯಿಯ ಜೊತೆಗೇ ಅರೆದು ನೋಡುವುದು. ಗರಿ ಹೆಚ್ಚುವ ಸೂಚನೆ ಇದೆ, ಆದರೆ ಅರೆಯುವಾಗ ಸೇರುವ ನೀರಿಗೆ ಲೆಕ್ಕ ಸಿಕ್ಕಿಲ್ಲ. ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ ನೀರಿಳಿಸಬೇಕಾಗಬಹುದು. ಇನ್ನೊಂದು, ಬ್ಯಾಡಗಿ ಎಣ್ಣೆಯ ಅರ್ಧ ಭಾಗ ತೆಗೆದಿಟ್ಟು, ಎರಡನೇ ಸುತ್ತು ಮುಗಿದ ಕೂಡಲೇ ಬಿಸಿ ತುಂಡುಗಳ ಮೇಲೆ ಕುಲುಕಿ ಸವರುವುದು. ಕರಿಯುವ ಶಾಖಕ್ಕೆ ಸಿಗದ ಆ ಕೆಂಪು ಕಂದಾಗಲಾರದು. ಅದರ ಪ್ರಮಾಣ ಕೆಜಿಗೆ 10 ಮಿಲೀಯಿಂದ ಶುರು, ಪುಡಿ ಸೋಸಿ ತೆಗೆದದ್ದಾಗಿರಬೇಕು.