ಊರ ರೇಡಿಯೋವನ್ನು ಯಾಕೆ ಯಾರೂ ಕೇಳ್ತಿಲ್ಲ? ನನ್ನ ಉತ್ತರ

ಕೆಲವು ವರ್ಷ ನಾನು ಒಂದು ಜಿಲ್ಲಾ ಆಕಾಶವಾಣಿ ಕೇಂದ್ರದಲ್ಲಿ ಕ್ಯಾಶುಯಲ್ ಅನೌನ್ಸರ್ ಆಗಿದ್ದೆ. ತಿಂಗಳಿಗೆ ಬೆರಳೆಣಿಕೆಯ ಡ್ಯೂಟಿ, ಉಳಿದ ದಿನ ಬೇರೆ ಕೆಲಸ. ಇದು ಗೊತ್ತಾದ ತಕ್ಷಣ ಎದುರಿಗಿದ್ದವರು ಕೇಳುವ ಪ್ರಶ್ನೆ ಒಂದೇ. "ರೇಡಿಯೋನಾ? ಈಗ ಅದನ್ನ ಯಾರ್ರೀ ಕೇಳ್ತಾರೆ? ಮೊಬೈಲ್ ಬಂದ ಮೇಲೆ ಎಲ್ಲಾ ಮುಗೀತು, ಅಲ್ವಾ?"

ಪ್ರಶ್ನೆಯ ಜೊತೆಗೇ ಉತ್ತರವನ್ನೂ ಅವರೇ ಕೊಟ್ಟುಬಿಡುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಪೂರ್ತಿ ಅಲ್ಲಗಳೆಯುವುದೂ ಇಲ್ಲ ಅನ್ನಿ. ಆದರೆ ಮೊಬೈಲ್ ಬರುವ ಹೊತ್ತಿಗೆ ಅರ್ಧ ಕೆಲಸ ಮುಗಿದಿತ್ತು.

ಮೊಬೈಲ್‌ಗಿಂತ ಮೊದಲು ಇದೇ ಮಾತನ್ನು ಟಿವಿ ಬಗ್ಗೆ ಹೇಳುತ್ತಿದ್ದರು. 1987ರಲ್ಲಿ ದೂರದರ್ಶನದಲ್ಲಿ ರಾಮಾಯಣ ಶುರುವಾದಾಗ ಭಾನುವಾರ ಬೆಳಿಗ್ಗೆ ಬೀದಿಗಳು ಖಾಲಿಯಾಗುತ್ತಿದ್ದವು. ರೇಡಿಯೋ ಸಾಯಬೇಕಿದ್ದರೆ ಆಗಲೇ ಸಾಯಬೇಕಿತ್ತು. ಆಗಿದ್ದೇ ಬೇರೆ. ಅದಕ್ಕೆ ಮೂರು ವರ್ಷ ಮೊದಲಷ್ಟೇ, 1984ರಲ್ಲಿ, ತಮಿಳುನಾಡಿನ ನಾಗರಕೋಯಿಲ್‌ನಲ್ಲಿ ದೇಶದ ಮೊದಲ ಸ್ಥಳೀಯ ಆಕಾಶವಾಣಿ ಕೇಂದ್ರ ಶುರುವಾಯಿತು. ನಮ್ಮ ಹಾಸನ, ಚಿತ್ರದುರ್ಗ, ಮಡಿಕೇರಿ, ಹೊಸಪೇಟೆ ಕೇಂದ್ರಗಳು ಬಂದದ್ದು 90ರ ದಶಕದ ಆಸುಪಾಸಿನಲ್ಲಿ. ಅಂದರೆ ಮನೆ ಮನೆಗೆ ಕೇಬಲ್ ಬರುತ್ತಿದ್ದ ಹೊತ್ತಿಗೆ ಸರಿಯಾಗಿ. ಲೆಕ್ಕದ ಪ್ರಕಾರ ಇವಕ್ಕೆ ಕೇಳುಗರೇ ಹುಟ್ಟಬಾರದಿತ್ತು. ಹುಟ್ಟಿದರು. ಕಟ್ಟು ಕಟ್ಟು ಪೋಸ್ಟ್ ಕಾರ್ಡ್ ಬರುತ್ತಿದ್ದವು. ಹಳ್ಳಿಗಳಲ್ಲಿ ಕೇಳುಗರ ಸಂಘಗಳಿದ್ದವು.

ಯಾಕೆ ಕೇಳಿದರು? ಕೋರಿಕೆ ಕಾರ್ಯಕ್ರಮ ನಡೆಸಿದವರಿಗೆ ಇದು ಚೆನ್ನಾಗಿ ಗೊತ್ತು. ಹಾಡು ಎಲ್ಲರ ಮನೆಯಲ್ಲೂ ಇತ್ತು, ಟೇಪ್ ರೆಕಾರ್ಡರ್‌ನಲ್ಲಿತ್ತು, ಕ್ಯಾಸೆಟ್ ಅಂಗಡಿಯಲ್ಲಿತ್ತು. ಜನ ಕಾಯುತ್ತಿದ್ದದ್ದು ಹಾಡಿಗಿಂತ ಮೊದಲು ಬರುವ ಹೆಸರುಗಳಿಗೆ. ಯಾವ ಹಳ್ಳಿ, ಯಾರ ಮಗಳು, ಯಾವ ಶಾಲೆಯ ಏಳನೇ ಕ್ಲಾಸಿನ ಮಕ್ಕಳು. ಒಂದು ಹಾಡಿಗೆ ಇಪ್ಪತ್ತು ಹೆಸರು ಓದಿದರೂ ಯಾರೂ ಬೇಜಾರಾಗುತ್ತಿರಲಿಲ್ಲ. ಒಂದು ಹೆಸರು ತಪ್ಪು ಓದಿದರೆ ಮಾತ್ರ ಮರುವಾರ ಕಾರ್ಡ್ ಖಂಡಿತ! ಬೆಂಗಳೂರಿನ ಕೇಂದ್ರದಿಂದ ನಮ್ಮ ಹೋಬಳಿಯ ಹೆಸರು ಕೇಳಬೇಕಾದರೆ ಅಲ್ಲಿ ಬಸ್ಸು ಮಗುಚಬೇಕಿತ್ತು. ಜಿಲ್ಲಾ ಕೇಂದ್ರದಲ್ಲಿ ಅದು ದಿನವೂ ಕೇಳುತ್ತಿತ್ತು.

ಪೇಟೆ ಧಾರಣೆ ಬಗ್ಗೆಯೂ ಇದೇ ಮಾತು. ಇವತ್ತು ನಮ್ಮ ಎಪಿಎಂಸಿಯಲ್ಲಿ ಈರುಳ್ಳಿ ಎಷ್ಟು, ಕೊಬ್ಬರಿ ಎಷ್ಟು, ಅನ್ನುವ ಸಾದಾ ಓದು. ಅದರಲ್ಲಿ ಕಲೆ ಏನೂ ಇಲ್ಲ, ನೀರಸ ಅಂದರೆ ನೀರಸ. ಆದರೆ ನಾಳೆ ಬೆಳಿಗ್ಗೆ ಗಾಡಿ ಹೂಡಬೇಕೋ ಬೇಡವೋ ಅಂತ ಯೋಚಿಸುವವನಿಗೆ ಅದಕ್ಕಿಂತ ದೊಡ್ಡ ಸುದ್ದಿ ಇಲ್ಲ.

ಇನ್ನು ಇದೆಲ್ಲ ಹೋದದ್ದು ಹೇಗೆ ಅಂತ ಹೇಳುತ್ತೇನೆ. ಒಂದೇ ದಿನ ಯಾರೋ ಸ್ವಿಚ್ ಆರಿಸಿದ್ದಲ್ಲ.

1997ರಲ್ಲಿ ಆಕಾಶವಾಣಿ, ದೂರದರ್ಶನ ಎರಡೂ ಪ್ರಸಾರ ಭಾರತಿಯ ಕೆಳಗೆ ಬಂದವು. ಹೆಸರಿಗೆ ಸ್ವಾಯತ್ತ ಸಂಸ್ಥೆ. ನೇಮಕಾತಿ ಮಾತ್ರ ವರ್ಷಗಟ್ಟಲೆ ನಿಂತೇ ಇತ್ತು. ಒಬ್ಬ ಕಾರ್ಯಕ್ರಮ ನಿರ್ವಾಹಕರು ನಿವೃತ್ತರಾದರೆ ಆ ಕುರ್ಚಿ ಖಾಲಿ. ಅವರ ಕೆಲಸ ಪಕ್ಕದವರ ಹೆಗಲಿಗೆ. ಆಗ ಮೊದಲು ನಿಲ್ಲುವುದು ಹೊರಗಿನ ರೆಕಾರ್ಡಿಂಗ್. ಜಾತ್ರೆಗೆ ಹೋಗಿ ಧ್ವನಿ ಹಿಡಿಯಬೇಕಾದರೆ ಗಾಡಿ ಬೇಕು, ಡ್ರೈವರ್ ಬೇಕು, ಮೂರು ಜನರ ಒಂದಿಡೀ ದಿನ ಬೇಕು. ಅಷ್ಟು ಜನ ಎಲ್ಲಿದ್ದಾರೆ? ಸರಿ, ಜಾತ್ರೆಯವರನ್ನೇ ಸ್ಟುಡಿಯೋಗೆ ಕರೆಸೋಣ. ಆಮೇಲೆ ಅದೂ ಕಷ್ಟವಾಗಿ, ಹೋದ ವರ್ಷದ ರೆಕಾರ್ಡಿಂಗ್ ಮರುಪ್ರಸಾರ. ಆಮೇಲೆ ಸಂಜೆಯ ಎರಡು ಗಂಟೆ ಬೆಂಗಳೂರಿನಿಂದಲೋ ದೆಹಲಿಯಿಂದಲೋ ರಿಲೇ.

ಒಂದೊಂದು ಹೆಜ್ಜೆಯೂ ಆ ಹೊತ್ತಿಗೆ ಸರಿ ಅಂತಲೇ ಕಾಣುತ್ತದೆ. ಅಲ್ಲಿ ಕೂತ ಅಧಿಕಾರಿಯ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ತೊಂದರೆ ಏನೆಂದರೆ, ಮಾಸ್ತರು ಇಲ್ಲದಿದ್ದರೆ ಶಾಲೆ ಮುಚ್ಚುತ್ತದೆ, ಮುಚ್ಚಿದ್ದು ಎಲ್ಲರಿಗೂ ಕಾಣುತ್ತದೆ. ರೇಡಿಯೋದಲ್ಲಿ ಜನ ಇಲ್ಲದಿದ್ದರೂ ಧ್ವನಿ ನಿಲ್ಲುವುದಿಲ್ಲ. ದಿನದ ಕಾರ್ಯಕ್ರಮಗಳ ಪಟ್ಟಿ, ಅಂದರೆ ಕ್ಯೂ ಶೀಟ್, ತುಂಬಿರುತ್ತದೆ. ಒಂದು ನಿಮಿಷವೂ ಮೌನ ಇಲ್ಲ, ಹಾಗಾಗಿ ದೂರೂ ಇಲ್ಲ. ಹೋಟೆಲಿನ ಬೋರ್ಡು ಹಳೆಯದೇ, ಒಳಗೆ ಬಡಿಸುತ್ತಿರುವುದು ಮಾತ್ರ ಬೇರೆ ಊರಿನಿಂದ ಬಂದ ಪಾರ್ಸೆಲ್.

ಆಗಾಗ "ಕೇಂದ್ರ ಮುಚ್ಚುತ್ತಾರಂತೆ" ಅಂತ ಸುದ್ದಿ ಏಳುತ್ತದೆ, ಸಾಹಿತಿಗಳು ಹೇಳಿಕೆ ಕೊಡುತ್ತಾರೆ, ಪ್ರಸಾರ ಭಾರತಿ ಹಾಗೇನೂ ಇಲ್ಲ ಅನ್ನುತ್ತದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಕಟ್ಟಡ ಇರುತ್ತದೆ, ಟವರ್ ಇರುತ್ತದೆ, ಊರಿನ ಮಾತು ಮಾತ್ರ ಇರುವುದಿಲ್ಲ.

ಇನ್ನೊಂದು ವಿಷಯವನ್ನು ರೇಡಿಯೋದವರೇ ಅಷ್ಟಾಗಿ ಗಮನಿಸಲಿಲ್ಲ. ಬಹಳ ಮನೆಗಳಲ್ಲಿ ರೇಡಿಯೋ ಗಡಿಯಾರವೂ ಆಗಿತ್ತು. 6.55ಕ್ಕೆ "ಇಯಂ ಆಕಾಶವಾಣೀ" ಅಂತ ಸಂಸ್ಕೃತ ವಾರ್ತೆ ಬಂತು ಅಂದರೆ ಮಕ್ಕಳನ್ನು ಎಬ್ಬಿಸುವ ಹೊತ್ತು. ವಾರ್ತೆ ಅರ್ಥವಾಗಲಿ ಬಿಡಲಿ. ಬೆಳಗಿನ ಪುಟ್ಟ ಭಾಷಣ ‘ಚಿಂತನ’ ಮುಗಿಯಿತು ಅಂದರೆ ಸ್ನಾನಕ್ಕೆ ಹೋಗಬೇಕು. ರಿಲೇ ಜಾಸ್ತಿಯಾದಂತೆ ಈ ಹೊತ್ತುಗಳು ಅಲ್ಲಾಡಿದವು. ಕಾರ್ಯಕ್ರಮ ಕೆಟ್ಟದಾದರೆ ಜನ ಬೈಯುತ್ತಾರೆ, ಆದರೂ ಕೇಳುತ್ತಾರೆ. ಹೊತ್ತು ತಪ್ಪಿದರೆ ಬೈಯುವುದೂ ಇಲ್ಲ. ಸುಮ್ನೆ ಮರೆತುಬಿಡುತ್ತಾರೆ.

"ಆಕಾಶವಾಣಿ ಸರ್ಕಾರದ್ದು, ಬಿಡಿ. ಖಾಸಗಿ ಎಫ್‌ಎಂಗಳಿವೆಯಲ್ಲ?" ಅಂತ ಮುಂದಿನ ಪ್ರಶ್ನೆ ಬರುತ್ತದೆ. ಇವೆ. ದೇಶದ ಮೊದಲ ಖಾಸಗಿ ಎಫ್‌ಎಂ ಶುರುವಾದದ್ದೇ ಬೆಂಗಳೂರಿನಲ್ಲಿ, 2001ರಲ್ಲಿ, ರೇಡಿಯೋ ಸಿಟಿ. ಶುರುವಿನಲ್ಲಿ ಲೈಸೆನ್ಸ್ ಶುಲ್ಕ ನಿಗದಿಯಾಗಿತ್ತು, ವರ್ಷಕ್ಕೆ ಶೇ. 15ರಷ್ಟು ಏರುತ್ತಿತ್ತು. ಆದಾಯ ಬರಲಿ ಬಿಡಲಿ ಕಟ್ಟಲೇಬೇಕು. 2005ರಲ್ಲಿ ಅದನ್ನು ಬಿಟ್ಟು ಆದಾಯದ ಶೇ. 4 ಅಂತ ಮಾಡಿದ ಮೇಲೆ ಮೈಸೂರು, ಮಂಗಳೂರು, ಕಲಬುರಗಿಗೂ ಖಾಸಗಿ ಕೇಂದ್ರ ಬಂದವು. ಆದರೆ ಒಂದು ನಿರ್ಬಂಧ ಹಾಗೇ ಉಳಿಯಿತು. ಖಾಸಗಿ ಎಫ್‌ಎಂ ತನ್ನದೇ ಸುದ್ದಿ ಓದುವ ಹಾಗಿಲ್ಲ. ಆಕಾಶವಾಣಿಯ ವಾರ್ತೆಯನ್ನು ಇದ್ದ ಹಾಗೆ ಬಿತ್ತರಿಸಬಹುದು. ಟ್ರಾಫಿಕ್, ಹವಾಮಾನ, ಕರೆಂಟು ನೀರು, ಇಂಥ ಮಾಹಿತಿ ಕೊಡಬಹುದು. ಅಷ್ಟೇ.

ಯೋಚಿಸಿ ನೋಡಿ. ಪೇಪರಿನವರು ಸುದ್ದಿ ಬರೆಯಬಹುದು, ಟಿವಿಯವರು ಹೇಳಬಹುದು, ಯೂಟ್ಯೂಬ್‌ನಲ್ಲಿ ಕ್ಯಾಮೆರಾ ಹಿಡಿದವರೆಲ್ಲ ಹೇಳಬಹುದು. ನಗರಸಭೆಯಲ್ಲಿ ನಿನ್ನೆ ಏನಾಯಿತು ಅಂತ ಖಾಸಗಿ ರೇಡಿಯೋ ಮಾತ್ರ ಹೇಳಬಾರದು! ಹಾಗಾದರೆ ಊರಿನ ಬಗ್ಗೆ ಹೇಳಲು ಉಳಿದದ್ದೇನು? ಹಾಡು, ತಮಾಷೆ ಫೋನ್ ಕಾಲ್, ಸಿನಿಮಾ ಬಿಡುಗಡೆ. ಹಾಡಿನ ವಿಷಯದಲ್ಲಿ ಮೊಬೈಲ್ ನಿಜವಾಗಿಯೂ ಗೆದ್ದಿತು, ಇಲ್ಲಿ ಒಪ್ಪುತ್ತೇನೆ. ಬೇಕಾದ ಹಾಡು ಬೇಕಾದಾಗ ಸಿಗುವಾಗ ಬೇರೆಯವರು ಹಾಕುವ ಹಾಡಿಗೆ ಯಾರು ಕಾಯುತ್ತಾರೆ?

ಜಾಹೀರಾತಿನ ಕಥೆಯೂ ಇದಕ್ಕೆ ಅಂಟಿಕೊಂಡಿದೆ. ದೊಡ್ಡ ಕಂಪನಿಗಳ ಜಾಹೀರಾತು ಹಂಚುವವರು ನೋಡುತ್ತಿದ್ದ ರೇಡಿಯೋ ಕೇಳುಗರ ಅಳತೆ ನಾಲ್ಕು ನಗರಗಳದ್ದು: ದೆಹಲಿ, ಮುಂಬೈ, ಕೋಲ್ಕತ್ತಾ, ಬೆಂಗಳೂರು. ಕಲಬುರಗಿಯಲ್ಲಿ ಎಷ್ಟು ಜನ ಕೇಳಿದರೂ ಆ ಲೆಕ್ಕದಲ್ಲಿ ಅವರು ಇಲ್ಲವೇ ಇಲ್ಲ. ಆಗ ಸಣ್ಣ ಊರಿನ ಕೇಂದ್ರಕ್ಕೆ ಉಳಿಯುವುದು ಜವಳಿ ಅಂಗಡಿ, ಟ್ಯುಟೋರಿಯಲ್ ಕಾಲೇಜು. ಅವರೂ ಈಗ ಫೇಸ್‌ಬುಕ್‌ಗೆ ಹೋದರು. ಖರ್ಚು ಉಳಿಸಲು ಕಂಪನಿ ಏನು ಮಾಡುತ್ತದೆ? ಒಂದು ಊರಲ್ಲಿ ಮಾಡಿದ ಕಾರ್ಯಕ್ರಮವನ್ನು ನಾಲ್ಕು ಊರಲ್ಲಿ ಹಾಕುತ್ತದೆ. ಆಕಾಶವಾಣಿ ಜನ ಇಲ್ಲದೆ ಮಾಡಿದ್ದನ್ನೇ ಇವರು ದುಡ್ಡಿಲ್ಲದೆ ಮಾಡಿದರು.

ಸಮುದಾಯ ರೇಡಿಯೋ, ಅಂದರೆ ಸಂಘ ಸಂಸ್ಥೆಗಳು ಸುತ್ತಲಿನ ಜನರಿಗಾಗಿ ನಡೆಸುವ ಸಣ್ಣ ಕೇಂದ್ರ, ಈ ಖಾಲಿ ಜಾಗ ತುಂಬಬೇಕಿತ್ತು. ಗಾಳಿಯಲ್ಲಿರುವ ತರಂಗಗಳು ಜನರ ಸೊತ್ತು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 1995ರಲ್ಲಿ. ಸ್ವಯಂಸೇವಾ ಸಂಸ್ಥೆಗಳಿಗೆ ಪರವಾನಗಿ ಸಿಗುವಂತಾದದ್ದು 2006ರಲ್ಲಿ. ಅದಕ್ಕೂ ಮೊದಲೇ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ನಡೆಯುತ್ತಿತ್ತು. ಗಾಳಿಯಲ್ಲಿ ಪ್ರಸಾರ ಮಾಡಲು ಅನುಮತಿ ಇಲ್ಲ, ಸರಿ, ಕೇಬಲ್ ತಂತಿಯಲ್ಲಿ ಕಳಿಸೋಣ ಅಂತ ಅವರು ಮಾಡಿದ್ದನ್ನು ನೆನೆದರೆ ಈಗಲೂ ಖುಷಿಯಾಗುತ್ತದೆ. ಸ್ವಸಹಾಯ ಸಂಘದ ಹೆಣ್ಣುಮಕ್ಕಳು ತಮ್ಮ ಮಾತಿನಲ್ಲೇ ಕಾರ್ಯಕ್ರಮ ಮಾಡುತ್ತಿದ್ದರು.

ಆದರೆ ಸಮುದಾಯ ರೇಡಿಯೋಗೆ ಕೊಟ್ಟ ಶಕ್ತಿ 100 ವ್ಯಾಟ್, ಸುತ್ತ ಹತ್ತು ಕಿಲೋಮೀಟರ್ ಕೇಳಿದರೆ ಹೆಚ್ಚು. ಜಾಹೀರಾತಿಗೆ ಮೊದಲು ಗಂಟೆಗೆ 5 ನಿಮಿಷ ಇತ್ತು, ಆಮೇಲೆ ಹೆಚ್ಚಿಸಿದರು. ಸ್ವಂತ ಸುದ್ದಿ ಇಲ್ಲಿಯೂ ಇಲ್ಲ. ಸಂಸ್ಥೆಯ ಅನುದಾನ ಇರುವಷ್ಟು ದಿನ ಕೇಂದ್ರ ಚುರುಕಾಗಿರುತ್ತದೆ, ಅದು ಮುಗಿದರೆ ಕಂಪ್ಯೂಟರ್ ತಾನೇ ಹಾಡು ಹಾಕುತ್ತಿರುತ್ತದೆ.

ಶಕ್ತಿ ಕಡಿಮೆ ಅನ್ನುವುದೇ ಕಾರಣ ಅಂತಲೂ ನನಗೆ ಅನಿಸುವುದಿಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಪಾಠ ಮಾಡುತ್ತಿದ್ದ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಲ್ಲಿ ರೇಡಿಯೋ ಕೇಂದ್ರ ಶುರು ಮಾಡಿದ್ದು 30 ವ್ಯಾಟ್ ಯಂತ್ರದಿಂದ. ಅಲ್ಲಿನ ಸಂಗೀತಗಾರರು, ಅಲ್ಲಿನ ಮೇಷ್ಟ್ರುಗಳು ಬಂದು ಹಾಡಿದರು, ಮಾತಾಡಿದರು. ಇಡೀ ದೇಶ ಆಮೇಲೆ ತೆಗೆದುಕೊಂಡ ‘ಆಕಾಶವಾಣಿ’ ಅನ್ನುವ ಹೆಸರು ಆ ಮನೆಯ ಕೇಂದ್ರದ್ದು. ನಮ್ಮಲ್ಲಿ ರೇಡಿಯೋ ಹುಟ್ಟಿದ್ದೇ ಊರ ರೇಡಿಯೋ ಆಗಿ.

ಇನ್ನು ಯಂತ್ರದ ಕಡೆಗೂ ಸ್ವಲ್ಪ ನೋಡೋಣ, ಯಾಕೆಂದರೆ "ಕೇಳಬೇಕು ಅಂದ್ರೂ ಸಿಗಲ್ಲ" ಅನ್ನುವವರೂ ಇದ್ದಾರೆ. ಭದ್ರಾವತಿ, ಧಾರವಾಡದಂಥ ಹಳೆಯ ಕೇಂದ್ರಗಳು ದೂರದೂರದ ಹಳ್ಳಿ ಮುಟ್ಟಿದ್ದು ಮೀಡಿಯಂ ವೇವ್‌ನಲ್ಲಿ. ಈಗ ಮನೆಯಲ್ಲಿ ಅಗ್ಗದ ಎಲ್‌ಇಡಿ ಬಲ್ಬು, ಚಾರ್ಜರ್ ಇವೆ. ಇವೆಲ್ಲ ಮೀಡಿಯಂ ವೇವ್‌ನಲ್ಲಿ ಗೊರಗೊರ ಸದ್ದು ಎಬ್ಬಿಸುತ್ತವೆ. ಕರೆಂಟು ಹೋದಾಗ ರೇಡಿಯೋ ಇದ್ದಕ್ಕಿದ್ದಂತೆ ಸ್ವಚ್ಛವಾಗಿ ಕೇಳುವುದು ಇದೇ ಕಾರಣಕ್ಕೆ. ಹಳ್ಳಿಯ ಅಜ್ಜ "ಸ್ಟೇಷನ್ ಕೆಟ್ಟಿದೆ" ಅನ್ನುತ್ತಾರೆ. ಕೆಟ್ಟಿರುವುದು ಮನೆಯ ಬಲ್ಬು.

ಎಫ್‌ಎಂ ಸ್ವಚ್ಛ, ಆದರೆ ದೂರ ಹೋಗುವುದಿಲ್ಲ. ಬಟನ್ ಫೋನ್‌ಗಳಲ್ಲಿ ಎಫ್‌ಎಂ ಇತ್ತು, ಕೂಲಿಗೆ ಹೋಗುವವರು, ದನ ಮೇಯಿಸುವವರು ಇಯರ್‌ಫೋನ್ ಚುಚ್ಚಿಕೊಂಡು ಕೇಳುತ್ತಿದ್ದರು. ಆ ತಂತಿಯೇ ಆಂಟೆನಾ. ಆಮೇಲೆ ಬಂದ ಎಷ್ಟೋ ಸ್ಮಾರ್ಟ್‌ಫೋನ್‌ಗಳಲ್ಲಿ ಎಫ್‌ಎಂ ಹೋಯಿತು, ಕೆಲವದರಲ್ಲಿ ತಂತಿ ಚುಚ್ಚುವ ತೂತೇ ಹೋಯಿತು. ಫೋನ್‌ನಲ್ಲಿ ಎಫ್‌ಎಂ ತೆಗೆಯಬೇಡಿ ಅಂತ ಕೇಂದ್ರ ಸರ್ಕಾರ 2023ರಲ್ಲಿ ತಯಾರಕರಿಗೆ ಸಲಹೆ ಕೊಟ್ಟಿತು. ಮೊಬೈಲ್ ರೇಡಿಯೋವನ್ನು ಕೊಂದಿತು ಅನ್ನುವವರು ಇದನ್ನೂ ನೆನಪಿಡಬೇಕು. ಸುಮಾರು ವರ್ಷ ರೇಡಿಯೋವನ್ನು ಜೇಬಿನಲ್ಲಿ ಹೊತ್ತುಕೊಂಡು ತಿರುಗಿದ್ದೂ ಮೊಬೈಲೇ.

ಈಗಲೂ ಕೇಳುಗರು ಎಲ್ಲಿದ್ದಾರೆ ಅಂತ ನೋಡಿದರೆ ನನ್ನ ವಾದ ಇನ್ನೂ ಗಟ್ಟಿಯಾಗುತ್ತದೆ. ಮಡಿಕೇರಿ ಕೇಂದ್ರದಿಂದ ಕೊಡವ, ಅರೆಭಾಷೆ ಕಾರ್ಯಕ್ರಮ ಬರುತ್ತವೆ. ಕೊಡಗಿನ ಮಳೆಗಾಲ ಗೊತ್ತಲ್ಲ, ಮರ ಬಿದ್ದು ದಿನಗಟ್ಟಲೆ ಕರೆಂಟಿಲ್ಲ, ಟವರ್ ಕೈಕೊಟ್ಟು ಫೋನೂ ಇಲ್ಲ. ನಾಳೆ ಶಾಲೆಗೆ ರಜೆಯಾ, ಯಾವ ರಸ್ತೆ ಬಂದ್, ಅಂತ ತಿಳಿಯಲು ಸೆಲ್ ಹಾಕಿದ ರೇಡಿಯೋಗಿಂತ ಸುಲಭದ ದಾರಿ ಇಲ್ಲ. ಮಂಗಳೂರು ಕೇಂದ್ರದ ತುಳು ಕಾರ್ಯಕ್ರಮ, ತಾಳಮದ್ದಳೆ (ವೇಷ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ) ಇವಕ್ಕೂ ತಮ್ಮದೇ ಜನ ಇದ್ದಾರೆ. ಗಲ್ಫ್‌ನಲ್ಲಿ ಕೆಲಸ ಮಾಡುವವರು ಆಕಾಶವಾಣಿಯ ‘ನ್ಯೂಸ್ ಆನ್ ಏರ್’ ಆ್ಯಪ್ ಹಾಕಿಕೊಂಡು ಮಂಗಳೂರು ಕೇಳುವುದು ನನಗೆ ಗೊತ್ತು. ಅವರ ಮೊಬೈಲ್‌ನಲ್ಲಿ ಪ್ರಪಂಚದ ಹಾಡೆಲ್ಲ ಇದೆ. ಕೇಳುವುದು ಮಾತ್ರ ತಾಳಮದ್ದಳೆಯಲ್ಲಿ ಮಾತಾಡುವ ಪಕ್ಕದೂರಿನ ಅರ್ಥಧಾರಿಯ ಮಾತು.

ಕೊನೆಗೆ ಬರುವ ಪ್ರಶ್ನೆ: "ಹಾಗಾದ್ರೆ ಕೇಳುಗರು ವಾಪಸ್ ಬರ್ತಾರಾ?"

ಎಲ್ಲರೂ ಬರುವುದಿಲ್ಲ. ಹಾಡಿಗೆ ಅಂತ ಬಂದವರು ಖಂಡಿತ ಬರುವುದಿಲ್ಲ, ಅವರನ್ನು ಬಿಟ್ಟುಬಿಡಿ. ಉಳಿದವರಿಗಾಗಿ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಸಾಕು. ರಿಲೇ ಬೇಡ, ರೆಕಾರ್ಡಿಂಗ್ ಬೇಡ, ಅದೇ ಊರಿನ ಇಬ್ಬರು ನೇರವಾಗಿ ಮೈಕ್ ಮುಂದೆ ಕೂರಬೇಕು. ಪೇಟೆ ಧಾರಣೆ ಇರಲಿ, ಕರೆಂಟು ಯಾವಾಗ ಹೋಗುತ್ತದೆ ಅಂತ ಇರಲಿ, ಫೋನ್ ಮಾಡಿದವರ ಹೆಸರಿರಲಿ. ಖಾಸಗಿ ಕೇಂದ್ರಕ್ಕೂ ಸಮುದಾಯ ಕೇಂದ್ರಕ್ಕೂ ಊರಿನ ಸುದ್ದಿ ಓದಲು ಬಿಡಬೇಕು. ತಪ್ಪು ಓದಿದರೆ ಪೇಪರಿನವರ ಮೇಲೆ ಹಾಕುವ ಕೇಸನ್ನೇ ಇವರ ಮೇಲೂ ಹಾಕಿ.

ನನ್ನ ಮಾತು ನಂಬಬೇಕಿಲ್ಲ. ನಾಳೆ ಬೆಳಿಗ್ಗೆ ಒಂದು ಗಂಟೆ ನಿಮ್ಮ ಜಿಲ್ಲೆಯ ಕೇಂದ್ರ ಹಾಕಿ. ನಿಮ್ಮ ತಾಲ್ಲೂಕಿನ ಹೆಸರು ಎಷ್ಟು ಸಲ ಬಂತು ಅಂತ ಎಣಿಸಿ, ಕೆಳಗೆ ಬರೆಯಿರಿ. ಯಾವ ಕೇಂದ್ರ ಅಂತಲೂ ಹೇಳಿ.