ಮೇಷ್ಟ್ರು ಹೊಲಿದುಕೊಟ್ಟ ಕಿವಿ ಪುಸ್ತಕ

ಶಾಲೆಯ ವಾರ್ಷಿಕ ಸಂಚಿಕೆಗೆ ಲೇಖನ ಬೇಕೆಂದು ಸಂಪಾದಕರು ಕೇಳಿದ ವಾರದಲ್ಲಿಯೇ ನಮ್ಮ ಕನ್ನಡ ಮೇಷ್ಟ್ರು ತೀರಿಕೊಂಡ ಸುದ್ದಿ ಬಂದುದರಿಂದ, ರಂಗಭೂಮಿಯಲ್ಲಿ ನನ್ನ ಇಪ್ಪತ್ತೈದು ವರ್ಷಗಳ ಕುರಿತು ಬರೆಯಬೇಕೆಂದಿದ್ದ ಯೋಚನೆಯನ್ನು ಬದಿಗಿಟ್ಟು ಅವರ ವಿಷಯವನ್ನೇ ಬರೆಯುತ್ತಿದ್ದೇನೆ. ನಡುನಡುವೆ ನನ್ನ ಹಿರಿಮೆಯೂ ನುಸುಳಿದರೆ ಓದುಗರು ಕ್ಷಮಿಸಬೇಕು; ನಟರಿಗೆ ಅದು ಅಂಟಿದ ರೋಗ.

ಅವರು ತರಗತಿಯಲ್ಲಿ ಯಾವ ಪಾಠ ಮಾಡಿದರೆಂದು ಕೇಳಿದರೆ ಒಂದು ಪದ್ಯದ ಹೆಸರೂ ನೆನಪಿಗೆ ಬರುವುದಿಲ್ಲ. ನೆನಪಿರುವುದು, ಹಳೆಯ ನೋಟ್‌ಪುಸ್ತಕಗಳಲ್ಲಿ ಉಳಿದ ಖಾಲಿ ಹಾಳೆಗಳನ್ನು ಕಿತ್ತು, ದಬ್ಬಣದಲ್ಲಿ ಹೊಲಿದು, ನಾಟಕಕ್ಕೆ ಸೇರಿದ ಹುಡುಗರಿಗೆ ಅವರು ಕೊಡುತ್ತಿದ್ದ ಅಂಗೈಯಗಲದ ಪುಸ್ತಕ. ಅದಕ್ಕೆ ಅವರಿಟ್ಟ ಹೆಸರು ‘ಕಿವಿ ಪುಸ್ತಕ’. ದಿನಕ್ಕೊಂದು ಮಾತನ್ನು ಕಿವಿಗೆ ಬಿದ್ದ ಹಾಗೆಯೇ ಬರೆದು, ಆಡಿದವರು ಯಾರು, ಎಲ್ಲಿ, ಆಡುವಾಗ ಅವರ ಕೈ ಏನು ಮಾಡುತ್ತಿತ್ತು ಎಂಬುದನ್ನು ಪಕ್ಕದಲ್ಲಿ ಗುರುತಿಸಬೇಕಿತ್ತು. ನಮ್ಮ ಕೊಡಗಿನ ಅರೆಭಾಷೆಯ ಮಾತನ್ನೋ ಕೊಡವ ತಕ್ಕನ್ನೋ, ಎಂದರೆ ಕೊಡವ ಭಾಷೆಯನ್ನೋ, ಶುದ್ಧ ಕನ್ನಡಕ್ಕೆ ತಿದ್ದಿ ಬರೆದವರಿಗೆ ಕೆಂಪು ಶಾಯಿಯ ಗೆರೆ ತಪ್ಪುತ್ತಿರಲಿಲ್ಲ.

ಇನ್ನು ಪತ್ರಿಕೆ. 1957ರಿಂದ ಮಡಿಕೇರಿಯಿಂದ ಹೊರಡುತ್ತಿರುವ ‘ಶಕ್ತಿ’ಯನ್ನು ಅವರು ಅಭಿನಯದ ಪಠ್ಯವೆಂದೇ ಬಗೆದಿದ್ದರು. ಮುಖಪುಟದ ದೊಡ್ಡ ಸುದ್ದಿಯನ್ನು ಮುಟ್ಟಲು ಬಿಡದೆ ನಿಧನವಾರ್ತೆಯನ್ನು ಗಟ್ಟಿಯಾಗಿ ಓದಿಸುತ್ತಿದ್ದರು. ದುಃಖವನ್ನು ದನಿಯಲ್ಲಿ ಸುರಿಯಬಾರದು. ಹೆಸರೂ ಊರೂ ಸ್ಪಷ್ಟವಾಗಿ ಕೇಳಿಸಬೇಕು. ಏಕೆಂದರೆ ಕೇಳುವವನು ಸತ್ತವರು ತನ್ನವರೇ ಎಂದು ಹುಡುಕುತ್ತಿರುತ್ತಾನೆ, ಅಳುವ ಕೆಲಸ ಅವನದು ಎನ್ನುತ್ತಿದ್ದರು. ಮಳೆಗಾಲ ಬಂತೆಂದರೆ ಪಾಠ ಹಾರಂಗಿ ಜಲಾಶಯಕ್ಕೆ ತಿರುಗುತ್ತಿತ್ತು. ಅದರ ಗರಿಷ್ಠ ಮಟ್ಟ 2,859 ಅಡಿ. ಆ ಅಂಕಿಯೊಂದನ್ನೇ, ನಾಲೆಯ ನೀರಿಗೆ ಕಾದಿರುವ ಪಿರಿಯಾಪಟ್ಟಣದ ಕಡೆಯ ರೈತನಾಗಿ ಒಮ್ಮೆ, ಕುಶಾಲನಗರದಲ್ಲಿ ಹೊಳೆಯಂಚಿಗೆ ಮನೆ ಕಟ್ಟಿಕೊಂಡವನಾಗಿ ಇನ್ನೊಮ್ಮೆ ಹೇಳಬೇಕಿತ್ತು. ಮೊದಲನೆಯದು ಎಲ್ಲರಿಗೂ ಸುಲಭವಾಗಿ ಬಂತು. ಎರಡನೆಯದನ್ನು ಹೇಳುವಷ್ಟರಲ್ಲಿ ನನಗೆ ಆಗಸ್ಟ್ ಮುಗಿದಿತ್ತು.

ಒಂಬತ್ತನೆಯ ತರಗತಿಯ ಜುಲೈ ತಿಂಗಳಲ್ಲಿ ನಡೆದ ಪ್ರಕರಣವನ್ನು ಹೇಳದಿದ್ದರೆ ನನ್ನ ಸಹಪಾಠಿಗಳು ಸುಮ್ಮನಿರುವುದಿಲ್ಲ. ವಾರವಿಡೀ ಹಿಡಿದ ಮಳೆ ಬಿಟ್ಟಿರಲಿಲ್ಲ. ರಜೆಯ ಸುದ್ದಿ ಬರಬಹುದೆಂದು ಬೆಳಿಗ್ಗೆ ಮಡಿಕೇರಿ ಆಕಾಶವಾಣಿಗೆ ಕಿವಿಗೊಟ್ಟು ಕೂತಿದ್ದ ನಮಗೆ ನಿರಾಶೆಯಾಗಿತ್ತು. ಪ್ರಾರ್ಥನೆಯ ಮೈಕು ಜಗಲಿಯಲ್ಲಿಯೇ ಇತ್ತು, ಮುಖ್ಯೋಪಾಧ್ಯಾಯರು ಇನ್ನೂ ಬಂದಿರಲಿಲ್ಲ. ಅವರ ದನಿಯಲ್ಲಿ, ‘ಭಾರೀ ಮಳೆಯ ಪ್ರಯುಕ್ತ ಶಾಲೆಗೆ ಈ ದಿನ ರಜೆ ಘೋಷಿಸಲಾಗಿದೆ’ ಎಂದು ನಾನು ಸಾರಿದೆ. ಕೆಳಗಿನ ತರಗತಿಗಳ ಮಕ್ಕಳು ಕೊಡೆ ಬಿಚ್ಚಿ ಅರ್ಧ ದಾರಿ ಇಳಿದೂ ಆಗಿತ್ತು. ಕನ್ನಡ ಮೇಷ್ಟ್ರು ಮಾತ್ರ ನೇರವಾಗಿ ಜಗಲಿಗೆ ಬಂದು ನನ್ನ ಕಿವಿ ಹಿಡಿದರು. ಹೊಡೆಯಲಿಲ್ಲ. “ದನಿ ಬಂದಿದೆ, ಮನುಷ್ಯ ಬಂದಿಲ್ಲ ಕಣೋ. ರಜೆ ಅನ್ನೋ ಮೊದಲು ಅವರು ಒಮ್ಮೆ ನಿಲ್ತಾರೆ, ಯಾಕೆಂದರೆ ರಜೆ ಕೊಡೋಕೆ ಅವರಿಗೆ ಮನಸ್ಸಿಲ್ಲ. ನೀನು ಖುಷಿಯಿಂದ ಹೇಳಿಬಿಟ್ಟೆ, ಸಿಕ್ಕಿಬಿದ್ದೆ” ಎಂದರು. ಮುಖ್ಯೋಪಾಧ್ಯಾಯರು ಕೊಟ್ಟ ಏಟುಗಳ ಸಂಖ್ಯೆ ನನಗೆ ಮರೆತುಹೋಗಿದೆ. ಆ ವಿಮರ್ಶೆ ಮರೆತಿಲ್ಲ.

ಮೇಷ್ಟ್ರು ವಿಧಿಸಿದ ಶಿಕ್ಷೆ ಬೇರೆ. ನಾಲ್ಕು ಶುಕ್ರವಾರ ಶಾಲೆ ಬಿಟ್ಟ ಮೇಲೆ ಮಡಿಕೇರಿ ಸಂತೆಯಲ್ಲಿ ಒಂದು ಗಂಟೆ ನಿಂತು, ಏನನ್ನೂ ಕೊಳ್ಳದೆ, ಯಾರನ್ನೂ ಅಣಕಿಸದೆ ಬರಬೇಕು. ಮೊದಲ ವಾರ ಕೆಸರು, ಒಣಮೀನಿನ ವಾಸನೆ, ಕಂಬಳಿಗಳಿಂದ ಇಳಿಯುವ ನೀರು ಬಿಟ್ಟರೆ ಬೇರೇನೂ ಕಾಣಲಿಲ್ಲ. ಮೂರನೆಯ ವಾರ ಕಣಿಲೆ, ಅಂದರೆ ಎಳೆ ಬಿದಿರು, ಮಾರುವವನ ಮುಂದೆ ಒಬ್ಬ ಅಜ್ಜಿ ಕಂಡಳು. ಬೆಲೆ ಹೆಚ್ಚಾಯಿತೆಂದು ಆಕೆ ಹೇಳಲಿಲ್ಲ. ಕಣಿಲೆಯನ್ನು ಮೆಲ್ಲನೆ ಕೆಳಗಿಟ್ಟು, ಸೆರಗಿನಲ್ಲಿ ಕೈಯೊರೆಸಿಕೊಂಡು, ಬಸ್ಸಿಗೆ ಹೊತ್ತಾಯಿತೇನೋ ಎಂಬಂತೆ ಆಕಾಶ ನೋಡಿದಳು. ಮಾರುವವನೇ ಬೆಲೆ ಇಳಿಸಿದ. ಆ ಕೈಯೊರೆಸುವಿಕೆಯನ್ನು ನಾನು ಇಂದಿಗೂ ಮೂರು ಪಾತ್ರಗಳಲ್ಲಿ ಬಳಸಿದ್ದೇನೆ. ದೆಹಲಿಯ ಪ್ರದರ್ಶನವೊಂದರಲ್ಲಿ, ಭಾಷೆಯೇ ತಿಳಿಯದ ಪ್ರೇಕ್ಷಕರು ಅಲ್ಲಿಗೆ ಚಪ್ಪಾಳೆ ತಟ್ಟಿದರೆಂಬುದನ್ನು ಹೇಳಬಾರದು, ಆದರೂ ಹೇಳಿದ್ದೇನೆ.

ಸೈನ್ಯದಿಂದ ನಿವೃತ್ತರಾಗಿ ಬಂದಿದ್ದ ಡ್ರಿಲ್ ಮಾಸ್ಟರರಿಗೂ ನನ್ನ ಋಣವಿದೆ. ಸೈನಿಕನ ಪಾತ್ರಕ್ಕೆ ಎದೆಯುಬ್ಬಿಸಿ ನಿಂತಿದ್ದ ನನ್ನನ್ನು ನೋಡಿ, ಬಹಳ ಹೊತ್ತು ನಿಲ್ಲಬೇಕಾದವನು ಎದೆಯುಬ್ಬಿಸುವುದಿಲ್ಲ, ಎರಡು ಪಾದಗಳ ಮೇಲೂ ಸಮವಾಗಿ ಭಾರ ಹಾಕುತ್ತಾನೆ ಎಂದು ತೋರಿಸಿಕೊಟ್ಟವರು ಅವರು.

ಮುಂದೆ ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರದಲ್ಲಿ ಕಲಿಯುವಾಗ, ಭರತನ ನಾಟ್ಯಶಾಸ್ತ್ರವು ನಾಟ್ಯಕ್ಕೆ ಲೋಕ, ವೇದ, ಅಧ್ಯಾತ್ಮ ಎಂಬ ಮೂರು ಪ್ರಮಾಣಗಳನ್ನು ಹೇಳುತ್ತದೆಂದು ಓದಿದೆ. ಗ್ರಂಥಕ್ಕೆ ನಿಲುಕದ್ದನ್ನು ಲೋಕವನ್ನು ನೋಡಿಯೇ ತಿಳಿಯಬೇಕು ಎಂಬ ವಿವರಣೆ ಕೇಳಿದಾಗ ನನ್ನ ಕಣ್ಣ ಮುಂದೆ ಬಂದದ್ದು ಶುಕ್ರವಾರದ ಸಂತೆ. ಮೇಷ್ಟ್ರು ಈ ಶ್ಲೋಕವನ್ನು ನಮಗೆ ಒಮ್ಮೆಯೂ ಹೇಳಿರಲಿಲ್ಲ. ಕೊಡವ ಭಾಷೆಯಲ್ಲಿ ನಾಟಕ ಬರೆದ ಹರದಾಸ ಅಪ್ಪಚ್ಚಕವಿಯ ಮಾತು ಮಾತ್ರ ಆಗಾಗ ಬರುತ್ತಿತ್ತು: ಯಯಾತಿ, ಸಾವಿತ್ರಿಯರನ್ನು ಪುರಾಣದಿಂದ ತಂದರೂ ಅವರ ಬಾಯಲ್ಲಿ ಕೊಡವ ತಕ್ಕನ್ನು ಆಡಿಸಬೇಕಾದರೆ ಕವಿ ತನ್ನ ಊರಿನ ಜಗಲಿಗಳಲ್ಲಿ ಎಷ್ಟು ಕಿವಿಗೊಟ್ಟಿರಬೇಕು ಎನ್ನುತ್ತಿದ್ದರು.

ಕಳೆದ ವರ್ಷ ಶಾಲೆಯೊಂದರ ವಾರ್ಷಿಕೋತ್ಸವಕ್ಕೆ ಅತಿಥಿಯಾಗಿ ಹೋಗಿದ್ದೆ. ಬಾಡಿಗೆಯ ಉಡುಪು, ಮುದ್ರಿತ ಹಾಡು, ಮುದ್ರಿತ ಸಂಭಾಷಣೆ. ಮಕ್ಕಳು ತುಟಿ ಮಾತ್ರ ಆಡಿಸುತ್ತಿದ್ದರು. ಅಭ್ಯಾಸಕ್ಕೆ ಏನು ನೋಡಿದಿರಿ ಎಂದು ಕೇಳಿದರೆ ಎಲ್ಲರದ್ದೂ ಒಂದೇ ವಿಡಿಯೊ. ಮೊಬೈಲನ್ನು ನಾನು ದೂರುವವನಲ್ಲ. ಕೇರಳದ ಸಂಸ್ಕೃತ ನಾಟಕ ಪ್ರಕಾರವಾದ ಕೂಡಿಯಾಟ್ಟದ ಕಣ್ಣಿನ ಚಲನೆಯನ್ನು ನಾನೂ ಅದರಲ್ಲಿಯೇ ಹಿಂದೆ ಮುಂದೆ ಓಡಿಸಿ ನೋಡಿ ಕಲಿತಿದ್ದೇನೆ. ಆದರೆ ಆ ಮಕ್ಕಳು ಬರುವ ಬಸ್ಸಿನಲ್ಲಿ ದಿನವೂ ಐದು ಭಾಷೆಗಳು ಜಗಳವಾಡುತ್ತವೆ, ಅದನ್ನು ಕೇಳಿಸಿಕೊಂಡು ಬನ್ನಿ ಎಂದು ಹೇಳಲು ಯಾರಿಗೂ ಪುರಸೊತ್ತಿಲ್ಲ.

ಮೇಷ್ಟ್ರ ನಿಧನವಾರ್ತೆ ಪತ್ರಿಕೆಯಲ್ಲಿ ಐದು ಸಾಲಿನಷ್ಟಿತ್ತು. ಜಗಲಿಯಲ್ಲಿ ಕುಳಿತು, ಅವರು ಕಲಿಸಿದ ಹಾಗೆ, ಹೆಸರನ್ನೂ ಊರನ್ನೂ ಬಿಡಿಸಿ ಹೇಳಿ ಗಟ್ಟಿಯಾಗಿ ಓದಿದೆ. ‘ನಿವೃತ್ತ ಶಿಕ್ಷಕ’ ಎಂಬಲ್ಲಿಯವರೆಗೆ ಸರಿಯಾಗಿಯೇ ಬಂತು. ಉಳಿದುದನ್ನು ಎರಡನೆಯ ಸಲ ಓದಬೇಕಾಯಿತು. ಆ ದಿನದ ಮಾತೆಂದು ಅದನ್ನೇ ಕಿವಿ ಪುಸ್ತಕದಲ್ಲಿ ಬರೆದೆ. ಯಾರು, ಎಲ್ಲಿ ಎಂಬುದನ್ನೂ ಬರೆದೆ. ಕೈ ಏನು ಮಾಡುತ್ತಿತ್ತೆಂಬುದನ್ನು ಮಾತ್ರ ನಾನು ಗಮನಿಸಿರಲಿಲ್ಲ. ಒಳಗಿನಿಂದ ನೋಡುತ್ತಿದ್ದ ಹೆಂಡತಿಯನ್ನು ಕೇಳಿ ಬರೆದುಕೊಂಡೆ.